ಕನ್ನಡದ ಆಕಾಶಕ್ಕೆ ಕನ್ನಡದಲ್ಲೇ ಲೆಕ್ಕ ಬೇಕು!

ಕನ್ನಡದ ತರುಣರೇ,

ಪೀಣ್ಯದಿಂದ ಹಾಸನದ ಕಡೆ ಹೊರಟರೆ ಹೆದ್ದಾರಿಯ ನಡುವೆ ನಮ್ಮ ಯಡಿಯೂರು. ಪೀಣ್ಯದಲ್ಲಿ ಇಸ್ರೋದ ಇಸ್ಟ್ರಾಕ್, ಹಾಸನದಲ್ಲಿ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ. ದೇಶದ ಉಪಗ್ರಹಗಳ ಲಗಾಮು ಕನ್ನಡ ನೆಲದಲ್ಲಿದೆ. ಆದರೆ ನಡುವಿನ ಊರಿನವನ ನೆತ್ತಿಯ ಮೇಲೆ ಉರಿಯುವ ಬೆಳಕೊಂದು ಹಾದುಹೋದರೆ, ಅದೇನೆಂದು ಅವನ ಭಾಷೆಯಲ್ಲಿ ಹೇಳುವವರು ಯಾರು? ಟಿ.ವಿ. ಜ್ಯೋತಿಷಿ! ವಾಟ್ಸಾಪ್ ವದಂತಿ!

ಅದಮಾರಿನ ಯು.ಆರ್. ರಾವ್ ನೇತೃತ್ವದಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ ಆರ್ಯಭಟ 1975ರಲ್ಲಿ ಮೇಲೇರಿತು, 1992ರ ಫೆಬ್ರವರಿಯಲ್ಲಿ ವಾತಾವರಣಕ್ಕೆ ಮರಳಿ ಉರಿಯಿತು. 2022ರ ಅಕ್ಟೋಬರ್ 30ರಂದು ಇಂಧನ ಮುಗಿದ ರಿಸ್ಯಾಟ್-2 ಹಿಂದೂ ಮಹಾಸಾಗರದ ಮೇಲೆ ಬಿತ್ತು. 2023ರ ಮಾರ್ಚ್ 7ರಂದು ಸುಮಾರು 1000 ಕಿಲೋ ತೂಕದ ಮೇಘಾ-ಟ್ರಾಪಿಕ್ಸ್ ಉಪಗ್ರಹವನ್ನು ಬೆಂಗಳೂರಿನಿಂದಲೇ ಆಜ್ಞೆ ಕೊಟ್ಟು ಪೆಸಿಫಿಕ್ ಸಾಗರದ ಮೇಲೆ ಇಳಿಸಿದರು. ಪ್ರಪಂಚಕ್ಕೆ ಇಂಗ್ಲಿಷಿನಲ್ಲಿ ಪ್ರಕಟಣೆ ಹೋಯಿತು. ಸಂತೋಷ! ನೆಲ ಕೊಟ್ಟ, ನೀರು ಕೊಟ್ಟ ಕನ್ನಡಿಗನ ಪಾಲಿಗೆ?

ಇದು ಬರೀ ಅಭಿಮಾನದ ಮಾತಲ್ಲ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಹಳ್ಳಿಗೆ ರಾಕೆಟ್ಟಿನ ಲೋಹದ ಬಳೆ ಬಂದು ಬಿತ್ತು. ನಾಳೆ ಅಂಥದ್ದು ಕುಣಿಗಲ್ ಸೀಮೆಯ ರಾಗಿ ಹೊಲಕ್ಕೆ ಬಿದ್ದರೆ? ಟ್ಯಾಂಕಿನಲ್ಲಿ ವಿಷದ ಇಂಧನ ಉಳಿದಿರಬಹುದು. ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ. ಈ ಎರಡು ಮಾತು ರೈತನಿಗೆ ಕನ್ನಡದಲ್ಲೇ ತಲುಪಬೇಕು.

ವಿಜ್ಞಾನ ಕನ್ನಡಕ್ಕೆ ಒಗ್ಗದು ಎನ್ನುವ ಮಹಾನುಭಾವರೇ, ಇದೇ ಯಡಿಯೂರಿನಲ್ಲಿ ನೆಲೆಯಾದ ತೋಂಟದ ಸಿದ್ಧಲಿಂಗರು ಷಟ್‌ಸ್ಥಲದ ಗಹನ ತತ್ವವನ್ನೆಲ್ಲ ಕನ್ನಡ ವಚನದಲ್ಲಿ ಹೇಳಿದರು. ನಮ್ಮಂಥ ಪ್ರೆಸ್ಸಿನವರು ಅಚ್ಚು ಹಾಕುವ ಪಂಚಾಂಗದಲ್ಲಿ ಗ್ರಹಣದ ಗಂಟೆ-ನಿಮಿಷ ಕನ್ನಡದಲ್ಲೇ ಇದೆ. ಉಪಗ್ರಹದ ಲೆಕ್ಕ ಮಾತ್ರ ಭಾರವೇ? ಇಗೋ, ಕೇಳಿ.

ಕೆಳಗಿನ ಕಕ್ಷೆಯ ಉಪಗ್ರಹ ಸೆಕೆಂಡಿಗೆ ಸುಮಾರು 7.8 ಕಿಲೋಮೀಟರ್ ಓಡುತ್ತದೆ. ಒಂದೂವರೆ ಗಂಟೆಗೆ ಭೂಮಿಗೆ ಒಂದು ಸುತ್ತು. ತೆಳುಗಾಳಿಯ ತಡೆಯಿಂದ ದಿನದಿನಕ್ಕೆ ಇಳಿಯುತ್ತದೆ. ಸೂರ್ಯ ಕೆರಳಿದರೆ ಆ ಗಾಳಿ ಉಬ್ಬುತ್ತದೆ, ಇಳಿತ ಜೋರಾಗುತ್ತದೆ. ಆದ್ದರಿಂದ ಉಳಿದ ಹೊತ್ತಿನ ಐದನೇ ಒಂದು ಪಾಲು ಹೆಚ್ಚುಕಡಿಮೆ ಎಂಬುದು ರೂಢಿಯ ಲೆಕ್ಕ. ಬೀಳಲು 10 ಗಂಟೆ ಇದ್ದರೆ 2 ಗಂಟೆ ಆಚೀಚೆ. ಅಷ್ಟರಲ್ಲಿ ಅದು ಭೂಮಿಯನ್ನೇ ಸುತ್ತಿ ಬಂದಿರುತ್ತದೆ! ಹತೋಟಿ ತಪ್ಪಿದ್ದು ಇಂಥ ಊರಿಗೇ ಬೀಳುತ್ತದೆಂದು ಹಿಂದಿನ ದಿನವೇ ಹೇಳುವವನು ಬುರುಡೆ ಬಿಡುತ್ತಾನೆ.

ಉಲ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಉಪಗ್ರಹ ನಿಧಾನಕ್ಕೆ, ನಿಮಿಷದಷ್ಟು ಹೊತ್ತು, ಚೂರುಚೂರಾಗಿ ಉರಿಯುತ್ತಾ ಸಾಗುತ್ತದೆ. ಕಂಡರೆ ಗಂಟೆ, ನಿಮಿಷ, ಸೆಕೆಂಡು ಬರೆದಿಡಿ. ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ? ಎಷ್ಟು ಎತ್ತರ? ಚಾಚಿದ ಕೈಯ ಒಂದು ಮುಷ್ಟಿ ಎಂದರೆ 10 ಡಿಗ್ರಿ. ಯಡಿಯೂರಿನವನ ಟಿಪ್ಪಣಿಗೆ ಗುಬ್ಬಿಯವನದು ಸೇರಿದರೆ ದಾರಿಯ ಲೆಕ್ಕ ಸಿಕ್ಕೀತು.

ನಮ್ಮ ಹಕ್ಕೊತ್ತಾಯ ಒಂದೇ: ಇಂಗ್ಲಿಷ್ ಪ್ರಕಟಣೆ ಹೊರಟ ಗಳಿಗೆಯಲ್ಲೇ ಕನ್ನಡದ್ದೂ ಹೊರಡಲಿ! ತರುಣರೇ, ನಾಮಫಲಕಕ್ಕೆ ಮಸಿ ಬಳಿದ ಕೈಗಳು ಇನ್ನು ಪೆನ್ನು ಹಿಡಿಯಲಿ. ಆಕಾಶ ನೋಡಿ, ಕನ್ನಡದಲ್ಲಿ ಬರೆಯಿರಿ. ಬಳಸದ ಭಾಷೆಗೆ ಯಾವ ಸರ್ಕಾರವೂ ಜೀವ ಕೊಡದು.

ಸಿರಿಗನ್ನಡಂ ಗೆಲ್ಗೆ!