ಮೇಜಿಗೇರಿದ ರೂಟರ್: ಮರಗೆಲಸದ ಅಂಗಡಿಯಲ್ಲಿ ಕೈಬಿಗಿ ಹಿಡಿಯಬಾರದ ಖರ್ಚು

ನಮ್ಮ ಜಿಲ್ಲೆಯ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಭಾಗದ ಮರಗೆಲಸದ ಸಣ್ಣ ಅಂಗಡಿಗಳಲ್ಲಿ ರೂಟರ್ ಯಂತ್ರವು ಈಗ ಅಪರೂಪದ ವಸ್ತುವಲ್ಲ. ಕೈಯಲ್ಲಿ ಹಿಡಿದು ಹಲಿಗೆಯ ಮೇಲೆ ನಡೆಸಬೇಕಾದ ಈ ಯಂತ್ರವನ್ನು ತಲೆಕೆಳಗು ಮಾಡಿ ಮೇಜಿನ ಅಡಿಗೆ ಬಿಗಿದರೆ, ಯಂತ್ರ ಸ್ಥಿರವಾಗಿ ನಿಂತು ಮರವೇ ಅದರ ಮೇಲೆ ಚಲಿಸುತ್ತದೆ. ಚೌಕಟ್ಟಿನ ಪಟ್ಟಿಗಳಿಗೆ ತೋಡು ತೆಗೆಯಲು, ಹಲಿಗೆ ಬಾಗಿಲಿನ ಅಂಚು ಇಳಿಸಲು, ಒಂದೇ ಅಳತೆಯ ಇಪ್ಪತ್ತು ತುಂಡುಗಳನ್ನು ವ್ಯತ್ಯಾಸವಿಲ್ಲದೆ ತಯಾರಿಸಲು ಇದಕ್ಕಿಂತ ಕಡಿಮೆ ಬಂಡವಾಳದ ಏರ್ಪಾಡು ಇಲ್ಲ. ಆದರೆ ಈ ಪರಿವರ್ತನೆಯನ್ನು ನಮ್ಮವರು ಮಾಡಿಕೊಳ್ಳುತ್ತಿರುವ ರೀತಿಯ ಬಗ್ಗೆ ನನಗೆ ತೀವ್ರ ಆಕ್ಷೇಪವಿದೆ. ಯಂತ್ರಕ್ಕೆ ಸಾವಿರಾರು ರೂಪಾಯಿ ಸುರಿದವರು ಅದನ್ನು ಮೇಜಿಗೆ ಸೇರಿಸುವ ಫಲಕ, ಸ್ವಿಚ್ಚು ಮತ್ತು ರಕ್ಷಾಕವಚಗಳಿಗೆ ಬಂದಾಗ ಕೈ ಬಿಗಿ ಹಿಡಿಯುತ್ತಾರೆ.

ಮೊದಲಿಗೆ ಫಲಕದ ವಿಷಯ. 18 ಮಿಲಿಮೀಟರ್ ಪ್ಲೈವುಡ್ಡಿಗೆ ತೂತು ಕೊರೆದು ನೇರವಾಗಿ ಯಂತ್ರವನ್ನು ತಗುಲಿಹಾಕುವುದು ರೂಢಿ. ಹಾಗೆ ಮಾಡಿದಾಗ ಪ್ಲೈವುಡ್ಡಿನ ದಪ್ಪವೇ ಬಿಟ್ಟಿನ ಎತ್ತರವನ್ನು ನುಂಗಿಬಿಡುತ್ತದೆ. ಎತ್ತರ ಸಾಲದೆಂದು ಕೆಲಸಗಾರನು ಬಿಟ್ಟನ್ನು ಕಾಲೆಟ್ಟಿನಿಂದ ಹೊರಗೆಳೆದು, ತುದಿಯಲ್ಲಿ ಮಾತ್ರ ಹಿಡಿತ ಉಳಿಸಿ ಬಿಗಿಯುತ್ತಾನೆ. ಬಿಟ್ಟಿನ ಕಾಂಡವು ಕನಿಷ್ಠ 20 ಮಿಲಿಮೀಟರಿನಷ್ಟಾದರೂ ಕಾಲೆಟ್ಟಿನೊಳಗಿರಬೇಕು. ತಳಕ್ಕೆ ಮುಟ್ಟಿಸಿ, ಆ ಬಳಿಕ ಎರಡು ಮೂರು ಮಿಲಿಮೀಟರ್ ಮೇಲೆತ್ತಿ ಬಿಗಿಯುವುದು ಸರಿಯಾದ ಕ್ರಮ. 6 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಫಲಕವನ್ನು ಮೇಜಿನ ಮಟ್ಟಕ್ಕೆ ಸರಿಯಾಗಿ ಕೂರಿಸಿದರೆ ಹನ್ನೆರಡು ಮಿಲಿಮೀಟರ್ ಎತ್ತರ ಮರಳಿ ದೊರೆಯುತ್ತದೆ. ಫಲಕವು ಮೇಜಿಗಿಂತ ಕೂದಲೆಳೆಯಷ್ಟು ತಗ್ಗಿದರೂ ಸಾಕು, ಮರ ಅಲ್ಲಿ ತಡೆದು ನಿಲ್ಲುತ್ತದೆ.

ಅದುಮಿ ಇಳಿಸುವ ಬಗೆಯ ರೂಟರಿನಲ್ಲಿ ಇನ್ನೊಂದು ಮಾರ್ಪಾಡು ಬೇಕಾಗುತ್ತದೆ. ಅದರ ಸ್ಪ್ರಿಂಗುಗಳು ಮೋಟಾರನ್ನು ಪೀಠದಿಂದ ದೂರ ತಳ್ಳಲೆಂದೇ ಇರುವವು. ತಲೆಕೆಳಗಾದಾಗ ಮೋಟಾರಿನ ಭಾರವೂ ಸ್ಪ್ರಿಂಗಿನ ಒತ್ತಡವೂ ಒಂದೇ ದಿಕ್ಕಿಗೆ, ಅಂದರೆ ಕೆಳಕ್ಕೆ ಎಳೆಯುತ್ತವೆ. ಅರ್ಧ ಮಿಲಿಮೀಟರ್ ಎತ್ತರಿಸುವುದೂ ಗುದ್ದಾಟವಾಗುತ್ತದೆ. ಅನುಭವಿಗಳು ಸ್ಪ್ರಿಂಗನ್ನು ಬಿಚ್ಚಿಟ್ಟು, ಆಳದ ಕಡ್ಡಿಯ ಜಾಗದಲ್ಲಿ ಮರೆಯುಳ್ಳ ಸರಳು ಅಳವಡಿಸಿ ತಿರುಪಿನಿಂದ ಎತ್ತರ ಹೊಂದಿಸುತ್ತಾರೆ. ಒಳ್ಳೆಯ ಉಪಾಯವೇ. ಆದರೆ ಬಿಚ್ಚುವಾಗ ಸ್ಪ್ರಿಂಗು ಮುಖಕ್ಕೆ ಚಿಮ್ಮದಂತೆ ಎಚ್ಚರ ಬೇಕು, ಖಾತರಿಯ ಅವಧಿಯಲ್ಲಿ ಬಿಚ್ಚಿದರೆ ಖಾತರಿ ಕೈತಪ್ಪಬಹುದೆಂಬ ಅರಿವೂ ಇರಬೇಕು. ತೆಗೆದ ಭಾಗಗಳನ್ನು ಚೀಟಿ ಅಂಟಿಸಿದ ಪೊಟ್ಟಣದಲ್ಲಿ ಕಾದಿರಿಸಿದರೆ ಯಂತ್ರವನ್ನು ಮತ್ತೆ ಕೈಬಳಕೆಗೆ ತರಬಹುದು.

ಮರವನ್ನು ಒರಗಿಸಿ ಸಾಗಿಸುವ ಆಸರೆ ಪಟ್ಟಿಯ ಬಗ್ಗೆ ಅನಗತ್ಯ ಭಯವಿದೆ. ಗರಗಸದ ಮೇಜಿನಲ್ಲಿ ಪಟ್ಟಿಯು ಅಲಗಿಗೆ ಸಮಾನಾಂತರವಾಗಿರಲೇಬೇಕು. ರೂಟರಿನ ಬಿಟ್ಟು ದುಂಡಗಿರುವುದರಿಂದ ಇಲ್ಲಿ ಆ ನಿಯಮವಿಲ್ಲ, ಪಟ್ಟಿ ನೇರವಾಗಿದ್ದರಾಯಿತು. ಒಂದು ತುದಿಯನ್ನು ಬೋಲ್ಟಿನಿಂದ ತಿರುಗುವಂತೆ ನಿಲ್ಲಿಸಿ ಇನ್ನೊಂದನ್ನು ಸರಿಸಿದರೆ, ನಡುವೆ ಇರುವ ಬಿಟ್ಟಿನ ಬಳಿ ಸರಿಯುವುದು ಅದರ ಅರ್ಧ ಮಾತ್ರ. ಸೂಕ್ಷ್ಮ ಹೊಂದಾಣಿಕೆಗೆ ದುಬಾರಿ ಉಪಕರಣವೇ ಬೇಡ. ಇಲ್ಲಿ ಖರ್ಚು ಉಳಿಸಲಿ, ನನ್ನ ತಕರಾರಿಲ್ಲ.

ತಕರಾರಿರುವುದು ಸ್ವಿಚ್ಚಿನ ವಿಷಯದಲ್ಲಿ. ಮೇಜಿನಡಿಯ ಯಂತ್ರದ ಗುಂಡಿ ಕೈಗೆಟುಕದೆಂದು ಅದನ್ನು ಒತ್ತಿದ ಸ್ಥಿತಿಯಲ್ಲೇ ಟೇಪು ಸುತ್ತಿ, ಗೋಡೆಯ ಪ್ಲಗ್ಗಿನಿಂದ ಚಾಲನೆ ಕೊಡುವ ಅಂಗಡಿಗಳನ್ನು ಕಂಡಿದ್ದೇನೆ. ನಮ್ಮ ಕಡೆಯ ವಿದ್ಯುತ್ತಿನ ಸ್ವಭಾವ ಓದುಗರಿಗೆ ತಿಳಿಯದ್ದಲ್ಲ. ಕರೆಂಟು ಹೋಗುತ್ತದೆ, ಬಿಟ್ಟು ನಿಲ್ಲುತ್ತದೆ, ಕೆಲಸಗಾರನು ಸಿಕ್ಕಿಕೊಂಡ ಚಕ್ಕೆಯನ್ನು ಬೆರಳಿನಿಂದ ತೆಗೆಯಲು ಬಾಗುತ್ತಾನೆ, ಅಷ್ಟರಲ್ಲಿ ಕರೆಂಟು ಬರುತ್ತದೆ. ನಿಮಿಷಕ್ಕೆ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಸುತ್ತುವ ಯಂತ್ರವದು. ವಿದ್ಯುತ್ತು ಕಡಿದೊಡನೆ ತಾನೇ ಬಿಟ್ಟುಕೊಂಡು, ಮತ್ತೆ ಒತ್ತುವವರೆಗೆ ಚಾಲನೆ ಕೊಡದ ನೋ ವೋಲ್ಟ್ ಸ್ವಿಚ್ಚು ಮೇಜಿನ ಮುಂಬದಿಯಲ್ಲಿ, ಮೊಣಕಾಲು ತಾಗಿದರೂ ಆರುವಂತೆ ಇರತಕ್ಕದ್ದು. ಆಯುಧಪೂಜೆಯಂದು ಹೇಮಗುಡ್ಡದ ದುರ್ಗಾದೇವಿಯನ್ನು ನೆನೆದು ಯಂತ್ರಕ್ಕೆ ಕುಂಕುಮವಿಡುವ ನಾವು, ಅದೇ ಯಂತ್ರದ ಗುಂಡಿಗೆ ಟೇಪು ಸುತ್ತುವುದನ್ನು ಏನೆನ್ನಬೇಕೋ ತಿಳಿಯದು.

ಮೂರನೆಯದು ಕವಚ, ಅದರೊಂದಿಗೆ ವೇಗ. 12 ಮಿಲಿಮೀಟರ್ ಬಿಟ್ಟಿನ ಅಂಚು 22,000 ಸುತ್ತಿನಲ್ಲಿ ಸೆಕೆಂಡಿಗೆ ಸುಮಾರು 14 ಮೀಟರ್ ಓಡಿದರೆ, ಹಲಿಗೆಯ ಅಂಚು ಇಳಿಸುವ 75 ಮಿಲಿಮೀಟರ್ ಬಿಟ್ಟಿನ ಅಂಚು ಅದೇ ಸುತ್ತಿನಲ್ಲಿ 86 ಮೀಟರ್ ಓಡುತ್ತದೆ. ದೊಡ್ಡ ಬಿಟ್ಟಿಗೆ ವೇಗವನ್ನು 10,000 ಸುತ್ತಿನ ಆಸುಪಾಸಿಗೆ ಇಳಿಸಬೇಕು. ವೇಗ ಇಳಿಸಲಾಗದ ಯಂತ್ರದಲ್ಲಿ ಅಂತಹ ಬಿಟ್ಟನ್ನು ಹಾಕಲೇಬಾರದು. ತಲೆಕೆಳಗಾದ ಯಂತ್ರದಲ್ಲಿ ಬಿಟ್ಟು ಮೇಲಿನಿಂದ ನೋಡಿದಾಗ ಗಡಿಯಾರಕ್ಕೆ ವಿರುದ್ಧವಾಗಿ ತಿರುಗುವುದರಿಂದ, ಆಸರೆ ಪಟ್ಟಿಗೆ ಒರಗಿಸಿದ ಮರವನ್ನು ಬಲದಿಂದ ಎಡಕ್ಕೆ ಮಾತ್ರ ತಳ್ಳಬೇಕು. ಎಡದಿಂದ ತಳ್ಳಿದರೆ ಮರವನ್ನು ಯಂತ್ರವೇ ಕಸಿದುಕೊಳ್ಳುತ್ತದೆ, ಅದರ ಹಿಂದೆಯೇ ಕೈಯೂ ಹೋಗುತ್ತದೆ. ಪಟ್ಟಿಗೂ ಬಿಟ್ಟಿಗೂ ನಡುವೆ ಮರವನ್ನು ತೂರಿಸುವುದಂತೂ ಸರ್ವಥಾ ಸಲ್ಲದು. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿರುವುದರಿಂದ, ಕವಚದ ಹಿಂದೆ ಧೂಳೆಳೆಯುವ ಕೊಳವೆಯೂ ಆಡಂಬರವಲ್ಲ.

ಇನ್ನು ನನ್ನ ವೃತ್ತಿಯ ಲೆಕ್ಕಕ್ಕೆ ಬರುತ್ತೇನೆ. ಫಲಕ, ಸ್ವಿಚ್ಚು, ಕವಚ ಮೂರಕ್ಕೂ ಸೇರಿ ₹8,000 ತಗಲುವುದೆಂದು ಭಾವಿಸೋಣ. ಐದು ವರ್ಷ, ವರ್ಷಕ್ಕೆ 250 ದಿನ ದುಡಿದರೆ ದಿನಕ್ಕೆ ₹6.40 ಬೀಳುತ್ತದೆ. ಅಂಗಡಿಯ ಚಹಾದ ಖರ್ಚು ಇದಕ್ಕಿಂತ ಹೆಚ್ಚು. ಇನ್ನೊಂದು ಬದಿಗೆ ಏನಿದೆ? 1923ರ ಪರಿಹಾರ ಕಾಯಿದೆಯ ಪರಿಶಿಷ್ಟವು ಹೆಬ್ಬೆರಳು ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇ. 30, ತೋರುಬೆರಳು ಪೂರ್ತಿ ಹೋದರೆ ಶೇ. 14 ನಷ್ಟವೆಂದು ಎಣಿಸಿತ್ತು. ಆ ಕಾಯಿದೆಯ ಸ್ಥಾನಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದ್ದರೂ ಮಾಲೀಕನ ಹೊಣೆ ಕಳೆದಿಲ್ಲ. ಮಾಲೀಕನೇ ಕೆಲಸಗಾರನೂ ಆದಲ್ಲಿ ಪರಿಹಾರ ಕೊಡುವವನೂ ಅವನೇ, ಪಡೆಯುವವನೂ ಅವನೇ. ಅಂದರೆ ಯಾರೂ ಇಲ್ಲ. ವರ್ಷಕ್ಕೆ ₹20 ಕಂತಿನ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯು ಅಪಘಾತದಲ್ಲಿ ಒಂದು ಕೈ ಹೋದರೆ ₹1 ಲಕ್ಷ ಕೊಡುತ್ತದೆ, ಬೆರಳಿಗೆ ಅಲ್ಲಿ ಬೆಲೆಯಿಲ್ಲ.

ತೆರಿಗೆಯ ನೆಪವನ್ನೂ ಕೆಲವರು ಹೇಳುತ್ತಾರೆ. ವಹಿವಾಟಿನ ಶೇ. 8ರಷ್ಟನ್ನು, ಬ್ಯಾಂಕಿನ ಮೂಲಕ ಬಂದ ಭಾಗಕ್ಕೆ ಶೇ. 6ರಷ್ಟನ್ನು ವರಮಾನವೆಂದು ಘೋಷಿಸುವವರಿಗೆ ಸವಕಳಿಯನ್ನು ಪ್ರತ್ಯೇಕವಾಗಿ ಕಳೆಯಲು ಅವಕಾಶವಿಲ್ಲವೆಂಬುದು ನಿಜ. ಆದರೆ ತೆರಿಗೆಯಲ್ಲಿ ಕಳೆಯಲಾಗದ ಖರ್ಚು ವ್ಯರ್ಥ ಖರ್ಚೆಂದು ಯಾವ ಲೆಕ್ಕಶಾಸ್ತ್ರವೂ ಹೇಳಿಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನವೂ ಗೊಂಬೆ ತಯಾರಿಕೆಯೂ ಸೇರಿವೆ. ಸಲಕರಣೆಗೆ ₹15,000ದವರೆಗೆ ನೆರವು, ಶೇ. 5 ಬಡ್ಡಿಯಲ್ಲಿ ಮೊದಲು ₹1 ಲಕ್ಷ, ಆನಂತರ ₹2 ಲಕ್ಷದವರೆಗೆ ಅಡಮಾನವಿಲ್ಲದ ಸಾಲಕ್ಕೆ ಅದರಲ್ಲಿ ಅವಕಾಶವಿದೆ. ಸಾಲದ ಅರ್ಜಿ ಬರೆಯುವಾಗ ಯಂತ್ರದ ಬೆಲೆಯನ್ನಷ್ಟೇ ಬರೆಯದೆ ಮೇಜು, ಸ್ವಿಚ್ಚು, ಕವಚಗಳನ್ನೂ ಯೋಜನಾ ವೆಚ್ಚದಲ್ಲಿ ಸೇರಿಸಬೇಕೆಂಬುದು ನನ್ನ ಸಲಹೆ.

ಕಿನ್ನಾಳದ ಕಲಾವಿದರು ಹಗುರ ಮರದಲ್ಲಿ ಕೆತ್ತುವ ದೇವರ ಮುಖಕ್ಕೆ ಯಾವ ರೂಟರೂ ಬೇಡ, ಅಲ್ಲಿ ಉಳಿಯೇ ದೊರೆ. ಆದರೆ ಮೂರ್ತಿಯ ಪೀಠ, ಹಿಂಬದಿಯ ಹಲಿಗೆ, ಚೌಕಟ್ಟುಗಳಿಗೆ ಹೋಗುವ ಹೊತ್ತನ್ನು ಇಂತಹ ಮೇಜು ಉಳಿಸಬಲ್ಲದು.

ಗಂಗಾವತಿಯ ಅಕ್ಕಿ ಗಿರಣಿಗಳ ಯಂತ್ರ ದುರಸ್ತಿ ಮಾಡುವ ವರ್ಕ್‌ಶಾಪುಗಳಿಗೆ 6 ಮಿಲಿಮೀಟರ್ ಅಲ್ಯೂಮಿನಿಯಂ ತಗಡು ಕತ್ತರಿಸಿ ತೂತು ಕೊರೆಯುವುದು ದೊಡ್ಡ ಮಾತಲ್ಲ. ಒಬ್ಬೊಬ್ಬ ಬಡಿಗನು ಹೋಗಿ ಒಂದು ಫಲಕ ಕೇಳಿದರೆ ದರ ದುಬಾರಿ, ಐವತ್ತು ಫಲಕಗಳ ಬೇಡಿಕೆ ಒಟ್ಟಿಗೆ ಹೋದರೆ ಮಾತು ಬೇರೆ. ನಮ್ಮ ವಾಣಿಜ್ಯ ಸಂಸ್ಥೆಯು ಇಲ್ಲಿ ಹೆಚ್ಚು ಬಳಕೆಯಲ್ಲಿರುವ ಮೂರು ನಾಲ್ಕು ಮಾದರಿಯ ರೂಟರುಗಳ ಪೀಠದ ಅಳತೆ ತರಿಸಿಕೊಂಡು ಒಂದೇ ನಕ್ಷೆ ತಯಾರಿಸಿ, ಫಲಕ ಮತ್ತು ನೋ ವೋಲ್ಟ್ ಸ್ವಿಚ್ಚನ್ನು ಜೊತೆಯಾಗಿ ಸಗಟು ದರದಲ್ಲಿ ಒದಗಿಸಲಿ. ಬೇಕಾದವರ ಪಟ್ಟಿಯನ್ನು ಬರುವ ದಸರೆಯೊಳಗೆ ತಾಲ್ಲೂಕುವಾರು ಸಿದ್ಧಪಡಿಸಬಹುದು. ವೆಚ್ಚದ ಅಂದಾಜು ಪಟ್ಟಿಯನ್ನು ಶುಲ್ಕವಿಲ್ಲದೆ ಮಾಡಿಕೊಡಲು ನಾನು ಸಿದ್ಧನಿದ್ದೇನೆ.