ಔಷಧಿ ಬೇಡದ ಗುಲಾಬಿ, ಉತ್ತರ ಬೇಕಾದ ಹುಡುಗ

ಗುಲಾಬಿ ಬೆಳೆಸಿದವರಿಗೆಲ್ಲ ಕಪ್ಪುಚುಕ್ಕೆ ರೋಗದ ಪರಿಚಯವುಂಟು. ಮಳೆ ಹಿಡಿದು ಎಲೆ ಒದ್ದೆಯಾಗಿಯೇ ಉಳಿದರೆ ಶಿಲೀಂಧ್ರ ತಗಲುತ್ತದೆ. ಎಲೆಗಳು ಹಳದಿಯಾಗಿ ಉದುರಿ ಗಿಡ ಬೋಳಾಗುತ್ತದೆ. ಮತ್ತೆ ಮತ್ತೆ ಔಷಧಿ ಸಿಂಪಡಿಸದೆ ಗತಿಯಿಲ್ಲವೆಂದೇ ಹಲವರ ನಂಬಿಕೆ.

ಅಮೆರಿಕದ ಅಯೋವಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ತೋಟಗಾರಿಕೆಯ ಪ್ರಾಧ್ಯಾಪಕರಾಗಿದ್ದ ಗ್ರಿಫಿತ್ ಬಕ್ (1915–1991) ಇದನ್ನು ಒಪ್ಪಲಿಲ್ಲ. ತಮ್ಮ ಸಸಿಗಳಿಗೆ ಅವರು ಔಷಧಿ ಹೊಡೆಯಲಿಲ್ಲ. ಅಲ್ಲಿಯ ಹಿಮಗಾಲದಲ್ಲಿ ಹೊದಿಕೆಯನ್ನೂ ಹಾಕಲಿಲ್ಲ. ಉಳಿದವುಗಳಲ್ಲಿ ಒಳ್ಳೆಯವನ್ನು ಆರಿಸಿದರು. 1977ರಲ್ಲಿ ಬಂದ 'ಕೇರ್‌ಫ್ರೀ ಬ್ಯೂಟಿ' ಅಂಥ ತಳಿ. ದೊಡ್ಡ ನಸುಗೆಂಪು ಹೂಗಳ ಪೊದೆಗುಲಾಬಿ ಅದು. ಚಳಿಗೆಂದು ಬೆಳೆಸಿದ ಈ ಗಿಡ ಟೆಕ್ಸಾಸಿನ ಬಿಸಿಲನ್ನೂ ತಾಳಿತು. ಹ್ಯೂಸ್ಟನ್ನಿನ ಕೇಟಿ ರಸ್ತೆಯಲ್ಲಿ ಸಿಕ್ಕ ಗಿಡವೊಂದನ್ನು ಹೆಸರು ತಿಳಿಯದೆ 'ಕೇಟಿ ರೋಡ್ ಪಿಂಕ್' ಎಂದು ಕರೆದರು. ಅದು ಇದೇ ತಳಿಯೆಂದು ಆಮೇಲೆ ಗೊತ್ತಾಯಿತು.

ಈ ಕಥೆಯನ್ನು ಹೇಳಿದಾಗಲೆಲ್ಲ ಕೇಳಿದವರು, "ಮಕ್ಕಳನ್ನೂ ಹೀಗೆಯೇ ಬಿಡಬೇಕು ಮೇಷ್ಟ್ರೇ, ಗಟ್ಟಿಯಿದ್ದವರು ಉಳಿಯುತ್ತಾರೆ" ಎನ್ನುತ್ತಾರೆ. ನಾನು ಒಪ್ಪಲಾರೆ. ಒಂದು ತಳಿ ಗೆಲ್ಲಬೇಕಾದರೆ ನೂರಾರು ಸಸಿಗಳು ಗೊಬ್ಬರದ ಗುಂಡಿ ಸೇರುತ್ತವೆ. ಶಾಲೆಗೆ ಅಂಥ ಗುಂಡಿಯಿಲ್ಲ, ಇರಲೂಕೂಡದು.

ಬಕ್ ಅವರ ಬದುಕೇ ಇದಕ್ಕೆ ಸಾಕ್ಷಿ. ಅವರು ಶಾಲಾ ಬಾಲಕರಾಗಿದ್ದಾಗ ಪಾಠದ ಅಂಗವಾಗಿ ಪರದೇಶದವರೊಬ್ಬರಿಗೆ ಕಾಗದ ಬರೆಯಬೇಕಾಗಿತ್ತು. ಸ್ಪೇನಿನ ಹೆಸರಾಂತ ಗುಲಾಬಿ ತಜ್ಞ ಪೆಡ್ರೊ ಡಾಟ್ ಅವರಿಗೆ ಬರೆದರು. ಆ ಮನೆಯಿಂದ ಉತ್ತರ ಬಂತು. ಕಾಗದಗಳಲ್ಲಿ ಗುಲಾಬಿಯ ಮಾತೂ ಇರುತ್ತಿತ್ತು. ಹುಡುಗನಿಗೆ ಗುಲಾಬಿಯ ಒಲವು ಹುಟ್ಟಿದ್ದು ಹಾಗೆ. ಆರೈಕೆ ಬೇಡದ ಗುಲಾಬಿಯನ್ನು ಕೊಟ್ಟವರು ಹಿರಿಯರೊಬ್ಬರ ಆರೈಕೆಯಿಂದಲೇ ಬೆಳೆದವರು.

ಇದನ್ನು ಬರೆಯುವಾಗ ನನ್ನ ತರಗತಿಯ ಹಿಂದಿನ ಬೆಂಚು ಕಣ್ಣಮುಂದೆ ಬರುತ್ತದೆ. ಅಲ್ಲಿಂದ ಬಂದ ಕೆಲವು ಪ್ರಶ್ನೆಗಳಿಗೆ, ಪಾಠ ಮುಗಿಸುವ ಆತುರದಲ್ಲಿ, "ಆಮೇಲೆ ನೋಡೋಣ" ಎಂದಿದ್ದೆ. ಆ 'ಆಮೇಲೆ' ಬರಲೇ ಇಲ್ಲ. ಕೇಳಿದವರು ಇದನ್ನು ಓದುತ್ತಿದ್ದರೆ ಕ್ಷಮಿಸಬೇಕು; ಪ್ರಶ್ನೆ ಇನ್ನೂ ನೆನಪಿದ್ದರೆ ಕಳುಹಿಸಬೇಕು.

ನಿಮ್ಮಲ್ಲಿ ಅನೇಕರು ಈಗ ತಂದೆತಾಯಿಗಳು, ಕೆಲವರು ಶಿಕ್ಷಕರು. ಅಂಗಳಕ್ಕೆ ಗುಲಾಬಿ ತರುವಾಗ ಹೂವಿನ ಅಂದವನ್ನಷ್ಟೇ ನೋಡದೆ, ರೋಗ ತಡೆಯುವ ತಳಿಯನ್ನೇ ಕೇಳಿ ತನ್ನಿ. ಮನೆಯ ಮಗು ಪ್ರಶ್ನೆ ಕೇಳಿದರೆ ಮಾತ್ರ ಗಟ್ಟಿಯಾಗಲೆಂದು ಬಿಡಬೇಡಿ. ಕೂಡಲೇ ಉತ್ತರಿಸಿ.