ನೋವಿಲ್ಲದ ಅರೆತಲೆನೋವು

ಕೆಲವು ವ್ಯಾಧಿಗಳಿಗೆ ಅವುಗಳ ಹೆಸರೇ ಶತ್ರುವಾಗುತ್ತದೆ. ಅರೆತಲೆನೋವು ಅಂಥದೊಂದು. ಸುಶ್ರುತಸಂಹಿತೆಯ ಉತ್ತರತಂತ್ರವು ಹನ್ನೊಂದು ಬಗೆಯ ಶಿರೋರೋಗಗಳನ್ನು ಎಣಿಸುತ್ತ ಅವುಗಳಲ್ಲೊಂದನ್ನು ಅರ್ಧಾವಭೇದಕವೆಂದು ಕರೆದಿದೆ. ಗ್ರೀಕರು ಅರ್ಧ ತಲೆಬುರುಡೆ ಎಂಬ ಅರ್ಥದ ಹೆಸರನ್ನಿಟ್ಟರು. ಈಗ ಎಲ್ಲರ ಬಾಯಲ್ಲಿರುವ ಮೈಗ್ರೇನ್ ಎಂಬ ಶಬ್ದ ಅದರಿಂದಲೇ ಹುಟ್ಟಿದ್ದು. ಹೆಸರುಗಳಲ್ಲೆಲ್ಲ ತಲೆ ಇದೆ, ಅರ್ಧವೂ ಇದೆ. ಆದರೆ ಈ ನೋವು ಎರಡೂ ಪಾರ್ಶ್ವಗಳಲ್ಲಿ ಬರುವುದುಂಟು. ಕೆಲವರಿಗೆ ನೋವೇ ಬಾರದಿರುವುದೂ ಉಂಟು.

ಈ ವಿಷಯವನ್ನು ಎತ್ತಿಕೊಳ್ಳಲು ಕಾರಣ, ಹಾವೇರಿ ಕಡೆಯ ತಾಯಿಯೊಬ್ಬರು ನಮಗೆ ಬರೆದ ಪತ್ರ. ಅವರ ಮಗಳು ಬಿ.ಎಡ್. ಓದುತ್ತಿರುವಾಕೆ. ವರ್ಷದಲ್ಲಿ ನಾಲ್ಕಾರು ಸಲ, ಓದುತ್ತಿರುವ ಸಾಲಿನ ನಡುವೆ ಆಕೆಗೆ ಅಕ್ಷರಗಳು ಮಾಯವಾಗುತ್ತವೆ. ಅಲ್ಲಿ ಮಿನುಗುವ ಅಂಕುಡೊಂಕಾದ ಗೆರೆಯೊಂದು ಎದ್ದು ಮೆಲ್ಲಮೆಲ್ಲನೆ ಅಗಲವಾಗುತ್ತದೆ. ಬಳಿಕ ಬಲಗೈಯ ಬೆರಳುಗಳಿಗೆ ಜೋಮು ಹಿಡಿದು, ಅದು ಮೊಣಕೈಗೇರಿ ತುಟಿಯನ್ನು ಮುಟ್ಟುತ್ತದೆ. ಕೆಲಹೊತ್ತು ಹೇಳಬೇಕೆಂದ ಶಬ್ದವೇ ಬಾಯಿಗೆ ಬಾರದು. ಮುಕ್ಕಾಲು ಗಂಟೆಯೊಳಗೆ ಎಲ್ಲವೂ ಮೊದಲಿನಂತಾಗುತ್ತದೆ. ಕನ್ನಡಕವನ್ನು ಎರಡು ಬಾರಿ ಬದಲಿಸಿದರು. ಸ್ಕ್ಯಾನ್ ಮಾಡಿಸಿದರು, ಏನೂ ಕಾಣಲಿಲ್ಲ. ಒಬ್ಬರು ನರದೌರ್ಬಲ್ಯವೆಂದರು, ಇನ್ನೊಬ್ಬರು ಮನಸ್ಸಿನ ಚಿಂತೆಯೆಂದರು. ಮನೆಯ ಹಿರಿಯರು ಗಾಳಿಯ ಚೇಷ್ಟೆಯೆಂದು ತಾಯಿತ ಕಟ್ಟಿಸಿದರು. ಬಂಧುಗಳು ಓದಲು ಮನಸ್ಸಿಲ್ಲದವಳ ನೆವವೆಂದರು. ಕೊನೆಗೆ ವೈದ್ಯರೊಬ್ಬರು ಇದು ಮೈಗ್ರೇನ್ ಎಂದಿದ್ದಾರೆ. “ತಲೆಯೇ ನೋಯದ ಮೇಲೆ ಇದು ಅರೆತಲೆನೋವು ಹೇಗಾದೀತು ಗುರುಗಳೇ? ವರನ ಕಡೆಯವರಿಗೆ ಇದನ್ನು ತಿಳಿಸಬೇಕೋ, ಬೇಡವೋ?” ಇದು ಆ ತಾಯಿಯ ಪ್ರಶ್ನೆ.

ಆ ವೈದ್ಯರ ಮಾತು ಸಂಗತವಾಗಿಯೇ ಇದೆ. ಮೈಗ್ರೇನಿನಲ್ಲಿ ನೋವಿಗೆ ಮೊದಲು, ಅಥವಾ ನೋವಿಲ್ಲದೆಯೂ, ಕಾಣಿಸಿಕೊಳ್ಳುವ ಇಂತಹ ಲಕ್ಷಣಗಳಿಗೆ ‘ಔರಾ’ ಎಂದು ಹೆಸರು. ಒಂದೊಂದು ಲಕ್ಷಣವೂ ಸಾಮಾನ್ಯವಾಗಿ 5 ನಿಮಿಷದಿಂದ 60 ನಿಮಿಷದವರೆಗೆ ಇರುತ್ತದೆ. ಇಂಗ್ಲೆಂಡಿನ ರಾಜಖಗೋಳಜ್ಞರಾಗಿದ್ದ ಜಾರ್ಜ್ ಬಿಡೆಲ್ ಏರಿ ಎಂಬವರು ತಮ್ಮ ಕಣ್ಣಿನಲ್ಲಿ ಮೂಡುತ್ತಿದ್ದ ಇದೇ ಗೆರೆಯನ್ನು ಕುರಿತು 1865ರಲ್ಲಿ ಲೇಖನ ಬರೆದರು. ಅವರ ಮಗ ಹ್ಯೂಬರ್ಟ್ ಏರಿ ವೈದ್ಯರು. ಅವರಿಗೂ ಅದು ಬರುತ್ತಿತ್ತು. ಅವರು 1870ರಲ್ಲಿ ಅದರ ಬೆಳವಣಿಗೆಯನ್ನು ಹಂತಹಂತವಾಗಿ ಚಿತ್ರಿಸಿ ಪ್ರಕಟಿಸಿದರು. ಕೋಟೆಯ ಕೊತ್ತಲಗಳ ನಕ್ಷೆಯಂತಿರುವ ಆ ಚಿತ್ರಗಳನ್ನು ವೈದ್ಯಗ್ರಂಥಗಳು ಇಂದಿಗೂ ಅಚ್ಚುಹಾಕುತ್ತವೆ. ರಾಜಖಗೋಳಜ್ಞರಿಗೆ ಬಂದಾಗ ಅದು ಶಾಸ್ತ್ರವಾಯಿತು, ಬಡ ಹುಡುಗಿಗೆ ಬಂದಾಗ ನೆವವಾಯಿತು. ನಾವು ಪಾಠಶಾಲೆಯಲ್ಲಿದ್ದಾಗ ಸಹಪಾಠಿಯೊಬ್ಬ ಪಾಠ ಒಪ್ಪಿಸುತ್ತ ನಡುವೆ ತಟ್ಟನೆ ನಿಂತುಬಿಡುತ್ತಿದ್ದ. ಪುಸ್ತಕದಲ್ಲಿ ಬೆಳಕು ಕುದಿಯುತ್ತಿದೆ ಎನ್ನುತ್ತಿದ್ದ. ಅವನಿಗೆ ದೊರೆತದ್ದು ಬಾಗಿಲ ಹೊರಗೆ ನಿಲ್ಲುವ ಶಿಕ್ಷೆ.

ಜೋಮು ಬೆರಳಿನಿಂದ ತುಟಿಗೆ ನಡೆದುಹೋಗುವುದೇಕೆ? ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ಲ್ಯಾಶ್ಲಿ 1941ರಲ್ಲಿ ತಮಗೆ ಕಾಣುತ್ತಿದ್ದ ಗೆರೆಯ ವೇಗವನ್ನು ಅಳೆದು, ಮಿದುಳಿನ ಮೇಲ್ಪದರದಲ್ಲಿ ನಿಮಿಷಕ್ಕೆ ಸುಮಾರು 3 ಮಿಲಿಮೀಟರಿನಂತೆ ಏನೋ ಒಂದು ಸರಿಯುತ್ತಿರಬೇಕೆಂದು ಲೆಕ್ಕಹಾಕಿದರು. ಬ್ರೆಜಿಲಿನ ಅರಿಸ್ಟಿಡಿಸ್ ಲಿಯೊ ಅವರು 1944ರಲ್ಲಿ ಮೊಲದ ಮಿದುಳಿನಲ್ಲಿ ಹೆಚ್ಚುಕಡಿಮೆ ಅದೇ ವೇಗದ ಅಲೆಯೊಂದನ್ನು ವರದಿಮಾಡಿದರು. ಆ ಅಲೆ ದೃಷ್ಟಿಯ ಎಡೆಯಲ್ಲಿದ್ದಾಗ ಗೆರೆ ಕಾಣುತ್ತದೆ, ಸ್ಪರ್ಶದ ಎಡೆಗೆ ಬಂದಾಗ ಜೋಮು ಹಿಡಿಯುತ್ತದೆ, ಮಾತಿನ ಎಡೆಯಲ್ಲಿ ಶಬ್ದ ತಪ್ಪುತ್ತದೆ. ಅಲೆ ಹಾದುಹೋದ ಮೇಲೆ ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ಯಾವ ಕುರುಹೂ ಉಳಿಯದು. ಆದುದರಿಂದ ಸ್ಕ್ಯಾನ್ ಸ್ವಚ್ಛವಾಗಿದೆಯೆಂದರೆ ಗಡ್ಡೆ, ರಕ್ತಸ್ರಾವ ಮುಂತಾದವು ಕಂಡಿಲ್ಲವೆಂದರ್ಥವೇ ಹೊರತು, ರೋಗಿ ಸುಳ್ಳು ಹೇಳುತ್ತಿರುವಳೆಂದಲ್ಲ.

ಈ ವ್ಯಾಧಿಗೆ ಇನ್ನೂ ಹಲವು ವೇಷಗಳಿವೆ. ಕೆಲವರಿಗೆ ತಲೆಸುತ್ತೇ ಮುಖ್ಯ ಲಕ್ಷಣ. ಇದಕ್ಕೆ ತಜ್ಞರ ಅಂತರರಾಷ್ಟ್ರೀಯ ಸಂಘಟನೆಗಳು ಒಮ್ಮತದ ನಿಯಮಗಳನ್ನು ರೂಪಿಸಿದ್ದೇ 2012ರಲ್ಲಿ. ಮಕ್ಕಳಲ್ಲಿ ಹೊಟ್ಟೆನೋವಾಗಿ ಬರುವುದುಂಟು. ತನ್ನ ಕೈ ದೊಡ್ಡದಾದಂತೆ, ಎದುರಿಗಿರುವವರು ಕುಬ್ಜರಾದಂತೆ ತೋರುವ ವಿಚಿತ್ರ ಅನುಭವವೂ ಇದರ ಜೊತೆಗೂಡುವುದುಂಟು. ನಿಮ್ಹಾನ್ಸ್ ಸಂಸ್ಥೆಯ ಸಂಶೋಧಕರು ಬೆಂಗಳೂರು ನಗರದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ನಡೆಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, 18ರಿಂದ 65 ವಯಸ್ಸಿನವರಲ್ಲಿ ಸುಮಾರು ಶೇಕಡಾ 25ರಷ್ಟು ಜನರಿಗೆ ಹಿಂದಿನ ಒಂದು ವರ್ಷದಲ್ಲಿ ಮೈಗ್ರೇನ್ ಬಂದಿದ್ದುದು ಕಂಡುಬಂತು. ಸ್ತ್ರೀಯರಲ್ಲಿ ಅದು ಹೆಚ್ಚು, ಹಳ್ಳಿಗಳಲ್ಲಿಯೂ ಹೆಚ್ಚು.

ಇಷ್ಟು ಓದಿ ಯಾರೂ ಮನೆಯಲ್ಲಿಯೇ ರೋಗನಿರ್ಣಯ ಮಾಡಿಕೊಳ್ಳಕೂಡದು. ಪಾರ್ಶ್ವವಾಯುವಿನಲ್ಲಿಯೂ ಕೈ ಜೋಮು ಹಿಡಿಯುತ್ತದೆ, ಮಾತು ತೊದಲುತ್ತದೆ. ಅಲ್ಲಿ ಸಾಮಾನ್ಯವಾಗಿ ಎಲ್ಲವೂ ಒಮ್ಮೆಲೇ ಎರಗುತ್ತದೆ, ಮೈಗ್ರೇನ್ ಮೆಲ್ಲನೆ ಹರಡುತ್ತದೆ. ಆದರೆ ಆ ಭೇದವನ್ನು ತೂಗಿನೋಡುವುದು ವೈದ್ಯರ ಕೆಲಸ. ಇಂತಹ ಲಕ್ಷಣ ಮೊದಲ ಬಾರಿಗೆ ಬಂದಾಗ, ಅದರಲ್ಲಿಯೂ 50 ವರ್ಷ ದಾಟಿದವರಿಗೆ ಬಂದಾಗ, ಕೈಕಾಲು ಬಲಗುಂದಿದಾಗ, ಹಿಂದೆಂದೂ ಕಾಣದ ತಲೆನೋವು ಸಿಡಿಲಿನಂತೆ ಬಡಿದಾಗ, ಜ್ವರದೊಡನೆ ಕತ್ತು ಬಿಗಿದಾಗ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದುದನ್ನು ಕರಗಿಸುವ ಔಷಧಕ್ಕೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಅವಧಿಯಿದೆ. ಅದನ್ನು ಮಂತ್ರ-ತಾಯಿತಗಳಲ್ಲಿ ಕಳೆಯುವುದು ಘೋರ ಅನ್ಯಾಯ.

ವೈದ್ಯರು ಈ ರೋಗವನ್ನು ಗುರುತಿಸುವುದು ಬಹುಮಟ್ಟಿಗೆ ರೋಗಿಯ ಮಾತಿನಿಂದಲೇ. ಆ ಮಾತು ಕ್ರಮವಾಗಿರಬೇಕಾದರೆ ಒಂದು ನೋಟುಪುಸ್ತಕ ಬೇಕು. ಯಾವ ದಿನ, ಎಷ್ಟು ಗಂಟೆಗೆ, ಯಾವ ಕಡೆ, ಮೊದಲು ಯಾವುದು ಅನಂತರ ಯಾವುದು, ಎಷ್ಟು ನಿಮಿಷ, ಹಿಂದಿನ ರಾತ್ರಿಯ ನಿದ್ದೆ, ಊಟದ ಹೊತ್ತು, ಮುಟ್ಟಿನ ದಿನ, ನುಂಗಿದ ಗುಳಿಗೆ ಇವನ್ನೆಲ್ಲ ಬರೆಯಬೇಕು. ಕಂಡ ಗೆರೆಯನ್ನು ಪೆನ್ಸಿಲಿನಲ್ಲಿ ಬರೆದರೆ ಇನ್ನೂ ಉತ್ತಮ. ಮಾತು ತಪ್ಪುವುದನ್ನು ಮನೆಯವರು ಮೊಬೈಲಿನಲ್ಲಿ ಚಿತ್ರೀಕರಿಸಿ ತೋರಿಸಬಹುದು. ಮೂರು ತಿಂಗಳ ಇಂತಹ ಬರಹವು ಐದು ನಿಮಿಷದ ಭೇಟಿಯಲ್ಲಿ ಹೇಳಲಾಗದ್ದನ್ನು ಹೇಳುತ್ತದೆ.

ಬರೆಯುತ್ತ ಹೋದಂತೆ ಕಾರಣಗಳೂ ಹೊಳೆಯುತ್ತವೆ. ತಲೆಗೆ ಸ್ನಾನಮಾಡಿದ ಬಳಿಕ ಮೈಗ್ರೇನ್ ಕೆರಳಿದ 94 ಭಾರತೀಯ ರೋಗಿಗಳ ವಿವರವನ್ನು ಮುಂಬಯಿಯ ವೈದ್ಯ ಕೆ. ರವಿಶಂಕರ್ ಅವರು 2006ರಲ್ಲಿ ಪ್ರಕಟಿಸಿದ್ದಾರೆ. ನಮ್ಮ ಹೆಣ್ಣುಮಕ್ಕಳು ಇದನ್ನು ಎಂದೋ ಬಲ್ಲರು, ಹೇಳಿದರೆ ಕೇಳುವವರಿರಲಿಲ್ಲ. ಉಪವಾಸವೂ ಜಾಗರಣೆಯೂ ಹಲವರಲ್ಲಿ ಇದನ್ನು ಎಬ್ಬಿಸುತ್ತವೆ. ಅಂಥವರು ಶಿವರಾತ್ರಿಯಂದು ಹೊತ್ತಿಗೆ ಸರಿಯಾಗಿ ಹಾಲು-ಹಣ್ಣು ಸ್ವೀಕರಿಸಿ ಮಲಗಿದರೆ ವ್ರತಕ್ಕೆ ಲೋಪವೆಂದು ನಾವು ಭಾವಿಸುವುದಿಲ್ಲ. ಅಂಗಡಿಯ ನೋವಿನ ಗುಳಿಗೆಯ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು ಬೇಕು. ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ಸಾಮಾನ್ಯ ಗುಳಿಗೆಯನ್ನು, 10 ದಿನ ಅಥವಾ ಅದಕ್ಕಿಂತ ಹೆಚ್ಚು ಮಿಶ್ರ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗುವವರಿಗೆ ಗುಳಿಗೆಯೇ ತಲೆನೋವನ್ನು ತರತೊಡಗುತ್ತದೆ.

ವರನ ಕಡೆಯವರ ಮಾತು ಉಳಿಯಿತು. ಮುಚ್ಚಿಡುವಂಥ ದೋಷ ಇದಲ್ಲ, ವಿವಾಹಕ್ಕೆ ಅಡ್ಡಿಯೂ ಅಲ್ಲ, ತಿಳಿಸುವುದೇ ಲೇಸು. ತಿಳಿಸಲು ವೈದ್ಯಕೀಯ ಕಾರಣವೂ ಒಂದಿದೆ. ಔರಾ ಸಹಿತ ಮೈಗ್ರೇನ್ ಇರುವ ಸ್ತ್ರೀಯರು ಈಸ್ಟ್ರೊಜೆನ್ ಕೂಡಿದ ಸಂತಾನನಿಯಂತ್ರಣ ಗುಳಿಗೆಯನ್ನು ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ, ಏಕೆಂದರೆ ಅದು ಪಾರ್ಶ್ವವಾಯುವಿನ ಸಂಭವವನ್ನು ಹೆಚ್ಚಿಸುತ್ತದೆ. ಬೇರೆ ಉಪಾಯಗಳಿವೆ. ಆ ಮಗಳು ಮುಂದೆ ಯಾವ ಊರಿನಲ್ಲಿ ನೆಲೆಸಿದರೂ ಅಲ್ಲಿಯ ಹೆರಿಗೆ ವೈದ್ಯರ ಚೀಟಿಯಲ್ಲಿ ಇದು ಮೊದಲ ದಿನವೇ ದಾಖಲಾಗಲಿ.